ಹೊಟ್ಟೆ ತುಂಬಿದ ಮರಿಗಳು

ಉಳವಿಯ ರೈತ ಉದಯ ತನ್ನ ಪಂಪ್‌ಸೆಟ್ ಮನೆಯ ಬಾಗಿಲಲ್ಲಿ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಒಳಗೆ ಮೋಟರ್ ಓಡುತ್ತಲೇ ಇತ್ತು.

ಮೊದಲು ನೋಡಿದವರು ಹೆಂಡತಿ ರಾಜೇಶ್ವರಮ್ಮ. ಕೈಯಲ್ಲಿ ಕಾಫಿ ಫ್ಲಾಸ್ಕು.

"ಏಳೂ ಹತ್ತಕ್ಕೆ ಫೋನ್ ಮಾಡಿದ್ರು. ಕರೆಂಟ್ ಬಂತು, ಕಾಫಿ ತಗಂಡು ಬಾ ಅಂದ್ರು. ನಾನು ಬಂದಾಗ ಏಳೂ ಮುಕ್ಕಾಲು."

ಅಂದರೆ ಆ ಮೂವತ್ತೈದು ನಿಮಿಷದಲ್ಲಿ ಕೊಲೆ ನಡೆದಿದೆ.

ನಾನು ಕರುಣಾ, ಠಾಣೆಯ ಎಎಸ್‌ಐ. ಕಾಗದದ ಮೇಲೆ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೂ ಹೌದು. ಆ ಹುದ್ದೆಗೆ ಕುರ್ಚಿಯಿಲ್ಲ, ಜೀಪಿಲ್ಲ. ಇರುವುದು ಒಂದು ರಬ್ಬರ್ ಸ್ಟಾಂಪು.

ಮೊದಲು ಪಕ್ಕದ ಗದ್ದೆಯ ಸಣ್ಣಪ್ಪನ ಮೇಲೆ ಅನುಮಾನ ಬಂತು. ಕಾಲುವೆ ನೀರಿಗಾಗಿ ಹಿಂದಿನ ವಾರವಷ್ಟೇ ಇಬ್ಬರೂ ಕೈಕೈ ಮಿಲಾಯಿಸಿದ್ದರು. ಆದರೆ ಆ ಹೊತ್ತಿಗೆ ಅವನು ಶಿಕಾರಿಪುರದ ಬಸ್ಸಿನಲ್ಲಿದ್ದ. ಚಿಲ್ಲರೆಗಾಗಿ ಜಗಳ ಆಡಿದ್ದರಿಂದ ಕಂಡಕ್ಟರಿಗೆ ಅವನ ಮುಖ ಚೆನ್ನಾಗಿ ನೆನಪಿತ್ತು.

ಅಂದು ಬೆಳಿಗ್ಗೆಯೇ ಕಾನ್‌ಸ್ಟೆಬಲ್ ಗಂಗಾಶ್ರೀ ಸುತ್ತಮುತ್ತಲ ಜಾಗವನ್ನೆಲ್ಲ ವಿಡಿಯೊ ಮಾಡಿಕೊಂಡಳು. ಕೆರೆಯಾಚೆ, ಅರ್ಧ ಗಂಟೆಯ ನಡಿಗೆಯಷ್ಟು ದೂರದಲ್ಲಿ, ಶಿಕಾರಿಪುರದ ಕಡೆಯ ಕುರಿಗಾರರ ಗುಡಾರವಿತ್ತು. ಅದನ್ನೂ ಬಿಡಲಿಲ್ಲ. ಆಗ ಎಂಟೂ ನಲವತ್ತು.

* * *

ಮಧ್ಯಾಹ್ನ ಆ ಗುಡಾರದ ಒಬ್ಬ ಹುಡುಗ ತಾನಾಗಿಯೇ ಠಾಣೆಗೆ ಬಂದ. ಹೆಸರು ಮಾಳೇಶ. ಕೈಯಲ್ಲಿ ರಕ್ತ ಮೆತ್ತಿದ ಕೋಲು. ಜೊತೆಗೆ ದೊಡ್ಡಪ್ಪ, ದೊಡ್ಡಬೀರಪ್ಪ.

"ನಾನೇ ಹೊಡ್ದೆ. ಸಸಿಮಡಿಗೆ ಕುರಿ ನುಗ್ಗಿದ್ಕ ಬೈದ್ರು," ಎಂದ ಹುಡುಗ, ನೆಲ ನೋಡುತ್ತ.

ದೊಡ್ಡಬೀರಪ್ಪ ಕೇಳಿದ್ದು ಜಾಮೀನನ್ನಲ್ಲ. "ಹುಡುಗಂಗ ಹದಿನೆಂಟು ತುಂಬಿಲ್ರಿ ಮೇಡಂ. ಮೂರು ವರ್ಸಕ್ಕ ಬಿಡ್ತಾರಂತಲ್ಲ?"

"ಅದು ಹಳೇ ಮಾತು. ಹದಿನಾರು ದಾಟಿದವನು ಕೊಲೆ ಮಾಡಿದರೆ ದೊಡ್ಡವರ ಹಾಗೇ ವಿಚಾರಣೆ ನಡೆಸಿ ಅಂತ ಬಾಲ ನ್ಯಾಯ ಮಂಡಳಿ ಕೋರ್ಟಿಗೆ ಕಳಿಸಬಹುದು. ಇವನಿಗೆ ಹದಿನಾರೂ ಮುಕ್ಕಾಲು."

ಮುದುಕನ ಕೈ ತಡಕಾಡಿ ಹುಡುಗನ ಹೆಗಲು ಹಿಡಿಯಿತು.

ಹೊರಗೆ ಜನ ಸೇರಿದ್ದರು. "ಮಕ್ಕಳು ಅಂತ ಬಿಡಬೇಡಿ, ನೇಣಿಗೆ ಹಾಕಿ!" ಇನ್ನು ಕೆಲವರು, "ಪಾಪ, ಕೂಸು!" ಇಬ್ಬರಿಗೂ ಅವನೇ ಕೊಂದ ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ನನಗೂ ಇರಲಿಲ್ಲ.

ಮಂಡಳಿ ಅವನನ್ನು ಮಕ್ಕಳ ವೀಕ್ಷಣಾಲಯಕ್ಕೆ ಕಳಿಸಿತು. ಹುಡುಗನ ಮನೆ ನೋಡಿ ತುಂಬಬೇಕಾದ ವರದಿಯ ನಮೂನೆ ಬಂತು. ಅಪರಾಧ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ? ಪರಿಣಾಮ ತಿಳಿದಿತ್ತೇ? ಯಾವ ಸಂದರ್ಭದಲ್ಲಿ ಮಾಡಿದ? ದಿನವಿಡೀ ಕುರಿಯ ಹಿಂದೆ ನಡೆಯುವ ಹುಡುಗನಿಗೆ ಸಾಮರ್ಥ್ಯವಿಲ್ಲ ಎಂದು ಯಾರು ಬರೆಯುತ್ತಾರೆ?

"ಒಪ್ಕೊಂಡಿದ್ದಾನೆ, ಕೋಲು ಸಿಕ್ಕಿದೆ," ಎಂದರು ನಮ್ಮ ಇನ್‌ಸ್ಪೆಕ್ಟರು. "ಮನೆ ಹಂಚಿಂದೋ ಶೀಟಿಂದೋ ಬರೆದು ಕಳಿಸಿ ಕರುಣಾ. ಅದಕ್ಕೂ ಗುಡಾರಕ್ಕೆ ಹೋಗ್ಬೇಕಾ?"

ಹೋಗಬೇಕು ಅಂತ ನಿಯಮವಿದೆ. ನನ್ನ ಸ್ವಂತ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಂಡು ಹೊರಟೆ.

* * *

ಕೆರೆ ಏರಿಯ ಮೇಲಿಂದಲೇ ಅರಚಾಟ ಕೇಳಿಸಿತು. ಬೇಲಿಯಂತೆ ಸುತ್ತ ಕಟ್ಟಿದ ಬಲೆಯೊಳಗೆ ಎಳೆಯ ಮರಿಗಳು ಒಂದೇ ಸಮನೆ ಕೂಗುತ್ತಿದ್ದವು. ಎರಡು ಸತ್ತು ಬಿದ್ದಿದ್ದವು. ದೂರದಲ್ಲಿ ಗುಡಾರದ ಮುಂದೆ ದೊಡ್ಡಬೀರಪ್ಪ ಮತ್ತು ಅವರ ಮಗ ವೀರೇಶ ಕೂತಿದ್ದರು. ಮಾಳೇಶನ ತಾಯಿ ವರದಮ್ಮ ಬಳ್ಳಿಗಾವಿ ಕಡೆಯ ತಮ್ಮೂರಿನಿಂದ ಬಂದು ಒಂದು ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು.

"ಏನಾಯ್ತಮ್ಮ?"

"ದಿನಾ ಬೆಳಕು ಹರಿದ ಮ್ಯಾಲೆ ಒಂದೊಂದೇ ಮರೀನ ಅದರದರ ತಾಯಿಗೆ ಬಿಡಬೇಕ್ರಿ. ಬ್ಯಾರೆ ಮರಿ ಬಿಟ್ರ ಕುರಿ ಒದಿತೈತಿ. ಯಾವುದು ಯಾವುದರ ಮರಿ ಅಂತ ಮಾಳೇಶಂಗೊಬ್ಬಂಗ ಗೊತ್ತು. ಅವನಿಗೂ ಒಂದೂವರೆ ತಾಸು ಹಿಡಿತೈತಿ."

"ದೊಡ್ಡಬೀರಪ್ಪನವರು ಬಿಡಲ್ವಾ?"

"ಭಾವನೋರಿಗೆ ಕಣ್ಣಾಗ ಪೊರೆ ಬಂದೈತಿ. ಬದು ದಾಟಾಕೂ ಕೈ ಹಿಡೀಬೇಕು."

"ಅವರ ಮಗ ವೀರೇಶ?"

"ಅವ ಟ್ರ್ಯಾಕ್ಟರ್ ಡ್ರೈವರು. ಇಲ್ಲಿಗೆ ಬಂದು ಎಂಟು ದಿನ ಆಗಿಲ್ಲ."

ನಾನು ಗಂಗಾಶ್ರೀಗೆ ಫೋನ್ ಮಾಡಿದೆ. "ಆ ದಿನದ ವಿಡಿಯೊ ತಗೊಂಡು ಈಗಲೇ ಬಾ."

* * *

ವೀರೇಶನನ್ನು ಬಲೆಯ ಹತ್ತಿರ ಕರೆದೆ. "ಒಂದು ಮರಿ ಬಿಡಪ್ಪ, ನೋಡೋಣ."

ಒಂದನ್ನು ಎತ್ತಿಕೊಂಡು ಹೋದ. ಕುರಿ ಒದೆಯಿತು. ಇನ್ನೊಂದು ಕುರಿಯ ಬಳಿಗೆ ಒಯ್ದ. ಅದೂ ಒದೆಯಿತು. ಮರಿಯನ್ನು ಕೆಳಗಿಟ್ಟು ಬೆವರು ಒರೆಸಿಕೊಂಡ.

ಗಂಗಾಶ್ರೀ ವಿಡಿಯೊ ತೋರಿಸಿದಳು. ಎಂಟೂ ನಲವತ್ತು. ಇಪ್ಪತ್ತೆರಡು ಮರಿಗಳೂ ಹೊಟ್ಟೆ ತುಂಬ ಕುಡಿದು ಮಲಗಿದ್ದವು. ಒಂದೂ ಕೂಗುತ್ತಿರಲಿಲ್ಲ.

"ಬೆಳಕಾದದ್ದು ಆರೂವರೆಗೆ," ಎಂದೆ. "ಮರಿ ಬಿಡೋಕೆ ಒಂದೂವರೆ ಗಂಟೆ. ಎಂಟೂ ನಲವತ್ತಕ್ಕೆ ಉಳಿಯೋದು ನಲವತ್ತು ನಿಮಿಷ. ಪಂಪ್‌ಸೆಟ್‌ಗೆ ಹೋಗಿ ಬರೋಕೇ ಒಂದು ಗಂಟೆ ಬೇಕು. ಮಾಳೇಶ ಇಲ್ಲಿಂದ ಕದಲಿಲ್ಲ. ನಿಮ್ಮಪ್ಪನಿಗೆ ಕಣ್ಣು ಕಾಣಲ್ಲ. ಕೋಲು ಇದೇ ಗುಡಾರದ್ದು, ಇಲ್ಲಿದ್ದದ್ದು ನೀವು ಮೂವರೇ. ಇನ್ನು ಉಳಿದವನು ಯಾರು ವೀರೇಶ?"

ದೊಡ್ಡಬೀರಪ್ಪ ತಡವುತ್ತ ಬಂದು ಮಗನ ತೋಳು ಹಿಡಿದರು.

"ಸಸಿ ಮೇಯ್ದಾವು ಅಂತ ಆ ಯಜಮಾನ ಎರಡು ಕುರಿ ಕಟ್ಟಿ ಹಾಕಿದ್ದ. ಬಿಡಿಸ್ಕೊಂಡು ಬಾ ಅಂತ ನಾನಾ ಇವನ್ನ ಕಳಿಸಿದೆ. ಮಾತಿಗೆ ಮಾತು ಬೆಳೆದೈತಿ. ಮಾಳೇಶಂಗ ತಪ್ಪು ನಿನ್ನ ಮ್ಯಾಲೆ ತಗೋ, ಮೂರು ವರ್ಸ ಅಷ್ಟ, ಬಂದ ಮ್ಯಾಲೆ ನಲವತ್ತು ಕುರಿ ನಿಂದಾ ಅಂದೆ. ಠಾಣ್ಯಾಗ ನೀವು ಹೇಳಿದಾಗ ಎದಿ ಒಡೀತು. ಆದ್ರ ಇವ ನಾ ಹೆತ್ತ ಮಗ ಅಲ್ಲೇನ್ರಿ?"

ವರದಮ್ಮ ಎದ್ದು ನಿಂತರು. "ನನ್ನ ಮಗನ್ನ ನಾ ಹೆತ್ತಿಲ್ಲೇನು ಭಾವಾ?" ಎಂದರು. ಬಾಟಲಿ ಕೈಯಲ್ಲೇ ಇತ್ತು.

ರಕ್ತ ಸಿಡಿದ ವೀರೇಶನ ಅಂಗಿ ಗುಡಾರದ ಕಂಬಳಿಗಳ ಅಡಿಯಲ್ಲಿ ಸಿಕ್ಕಿತು.

* * *

ಮಾಳೇಶನನ್ನು ಆ ದಿನವೇ ಬಿಡಬಹುದು ಅಂದುಕೊಂಡಿದ್ದೆ. ಬಿಡಲಿಲ್ಲ. ಮಂಡಳಿ ಮತ್ತೆ ಸೇರುವುದು ಹನ್ನೊಂದು ದಿನದ ನಂತರವಂತೆ. ಸುಳ್ಳು ಒಪ್ಪಿಕೊಂಡು ಒಳಗೆ ಹೋಗಲು ಒಂದು ಮಧ್ಯಾಹ್ನ ಸಾಕಾಗಿತ್ತು.

ವೀಕ್ಷಣಾಲಯಕ್ಕೆ ಹೋಗಿ ವಿಷಯ ತಿಳಿಸಿದೆ. ಅವನು ಮೊದಲು ಮರಿಗಳ ಬಗ್ಗೆ ಕೇಳಿದ. ಎರಡು ಸತ್ತವು ಎಂದೆ. ಮುಖ ಆಚೆ ತಿರುಗಿಸಿದ.

ನನಗೆ ಸಿಟ್ಟು ಬಂತು. "ನೀನು ಹೊಡೆದಿಲ್ಲ ಅಂತ ಆ ದಿನವೇ ಹೇಳೋಕೇನಾಗಿತ್ತೋ?"

"ಯಾರ್ ಕೇಳಿದ್ರಿ ಮೇಡಂ? ಯಾಕ ಹೊಡ್ದೆ ಅಂತ ಎಲ್ಲಾರೂ ಕೇಳಿದ್ರು. ನಾನು ಒಬ್ಬನಾ ಇದ್ದಾಗ, ಖರೇನ ನೀ ಹೊಡದೀಯೇನು ಅಂತ ಒಬ್ರೂ ಕೇಳ್ಲಿಲ್ಲ."

ಚೀಲದಲ್ಲಿದ್ದ ನನ್ನ ವರದಿ ತೆಗೆದೆ. ಗುಡಾರಕ್ಕೆ ಹೋಗುವ ಮುಂಚೆಯೇ ಅರ್ಧ ಬರೆದಿಟ್ಟಿದ್ದೆ. ಮೊದಲ ಸಾಲು ನನ್ನದೇ ಕೈಬರಹ: "ಬಾಲಕನು ಈ ಕೊಲೆ ಮಾಡಲು ಕಾರಣವೇನೆಂದರೆ..."