ಟಕ್ ಟಕ್ ಅಂದಿತ್ತು ಅವನ ಬೆರಳು

ಮದುವೆಯಾಗಿ ಎರಡು ತಿಂಗಳಿಗೆ ಗಂಡ ಮೊದಲ ಸಲ ಅವಳ ಕೈ ಹಿಡಿದ. ಪಟಾಲಮ್ಮನ ಎದೆ ಝಲ್ಲೆಂದಿತು!

ಆದರೆ ಅವನು ಹಿಡಿದದ್ದು ಪ್ರೀತಿಗಲ್ಲ... ಅಂಜನಮೂರ್ತಿ ಬೀಳುತ್ತಿದ್ದ.

"ರೀ! ಏನಾಯ್ತ್ರೀ?"

ಬಾಯಿ ಸೊಟ್ಟಗಾಗಿತ್ತು. ಮಾತು ಹೊರಡಲಿಲ್ಲ. ಹಲಸೂರಿನ ಆ ಪುಟ್ಟ ಮನೆಯ ಹೊಸ್ತಿಲಲ್ಲೇ ಕುಸಿದುಬಿಟ್ಟ.

ಅದು ೧೯೪೩, ಯುದ್ಧದ ಕಾಲ. ಅವನು ವಿಮಾನ ಕಾರ್ಖಾನೆಯಲ್ಲಿ ತಗಡುಗಳನ್ನು ಮೊಳೆ ಹೊಡೆದು ಜೋಡಿಸುವ ರಿವೆಟ್ ಕೆಲಸದವನು. ರಿಪೇರಿಗೆ ಬಂದ ವಿಮಾನಗಳು ಸಾಲಾಗಿ ನಿಂತಿದ್ದವು. ದಿನಕ್ಕೆರಡು ಪಾಳಿ, ಭಾನುವಾರವೂ ರಜೆಯಿಲ್ಲ. ಮನೆಗೆ ಬಂದರೆ ತಲೆ ಹಿಡಿದುಕೊಂಡು ಕೂರುತ್ತಿದ್ದ.

"ಡಾಕ್ಟ್ರ ಹತ್ರ ಹೋಗೋಣ ಬನ್ರೀ."

"ಈ ವಿಮಾನ ಹೊರಟೋಗ್ಲಿ, ಆಮೇಲೆ ನೋಡೋಣ."

ಗಂಡಸರ ಈ 'ಆಮೇಲೆ' ಯಾವ ಪಂಚಾಂಗದಲ್ಲೂ ಇಲ್ಲ!

ಬಲಗೈ ಜೋಮು ಹಿಡಿದಾಗಲೂ ನಕ್ಕಿದ್ದ. "ದಿನವೆಲ್ಲಾ ರಿವೆಟ್ ಗನ್ನಿನ ಏಟಿಗೆ ಎದುರಾಗಿ ಕಬ್ಬಿಣದ ತುಂಡು ಒತ್ತಿ ಹಿಡೀತೀನಲ್ಲ, ಅದರದ್ದೇ."

ಅವಳೂ ನಂಬಿದ್ದಳು. ಎಣ್ಣೆ ಬಿಸಿ ಮಾಡಿ ಪಕ್ಕದಲ್ಲಿಟ್ಟಿದ್ದಳು. ಹಚ್ಚುವಷ್ಟು ಸಲಿಗೆ ಇನ್ನೂ ಬೆಳೆದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ನಿಟ್ಟುಸಿರಿಟ್ಟರು. "ಲಕ್ವ ಹೊಡೆದಿದೆಯಮ್ಮ. ರಕ್ತದ ಒತ್ತಡ ಏರಿಬಿಟ್ಟಿದೆ. ಇನ್ನೊಂದು ಸಲ ಬಂದ್ರೆ..."

"ಔಷಧಿ ಇಲ್ವಾ ಸ್ವಾಮಿ?"

"ವಿಶ್ರಾಂತಿ ಕೊಡಿ. ಬೇರೇನೂ ನಮ್ಮ ಕೈಲಿಲ್ಲ."

ಮನೆಗೆ ತಂದರು. ಅವನಿಗೆ ತಲೆಯಾಡಿಸಲೂ ಆಗದು. ಎಡಗೈ ಒಂದೇ ಆಡುತ್ತಿತ್ತು. ಗಂಜಿ ಕುಡಿಸಿದರೆ ಮಂಚದ ಕಂಬಿಯ ಮೇಲೆ ಬೆರಳಿಂದ ಟಕ್ ಟಕ್. ಮುಖ ಒರೆಸಿದರೆ ಟಕ್ ಟಕ್.

'ಸಾಕು, ಹೋಗು ಅಂತಿದಾರೆ... ನಾನು ಮುಟ್ಟೋದೇ ಇವ್ರಿಗೆ ಹಿಡಿಸಲ್ಲ.' ಅಡುಗೆಮನೆಯಲ್ಲಿ ಕೂತು ಅತ್ತಳು.

ಹದಿನೈದನೇ ದಿನ ಅವಳ ಅಪ್ಪ ಮುನಿನಾರಾಯಣಪ್ಪ ಕೆ.ಆರ್. ಪುರದಿಂದ ಗಾಡಿ ಕಟ್ಟಿಕೊಂಡು ಬಂದ.

"ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ. ಮಗೂಗಿನ್ನೂ ಹತ್ತೊಂಬತ್ತು. ಕರ್ಕೊಂಡೋಗ್ಲಾ? ನಿಮ್ಮನ್ನ ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಡ್ತೀನಿ."

ಟಕ್ ಟಕ್ ಟಕ್!

ಅಷ್ಟು ಜೋರಾಗಿ ಅವನು ಎಂದೂ ತಟ್ಟಿರಲಿಲ್ಲ. ಕಣ್ಣಂಚಿನಿಂದ ನೀರು ಇಳಿಯಿತು.

"ನೋಡವ್ವಾ, ಹೂಂ ಅಂದ್ರು," ಎಂದ ಅಪ್ಪ.

ಅವಳು ಟ್ರಂಕಿಗೆ ಸೀರೆ ತುಂಬತೊಡಗಿದಳು. ಬೇಡ ಎನ್ನುವವರ ಬಳಿ ಯಾವ ಹಕ್ಕಿನಿಂದ ಉಳಿಯುವುದು?

ಆಗಲೇ ಕಾರ್ಖಾನೆಯ ಜೊತೆಗಾರ ಶಫಿ ಮೂಸಂಬಿ ಹಿಡಿದು ಬಂದ.

"ಎಲ್ಲಿಗೆ ಭಾಬಿ?"

"ಇವ್ರೇ ಹೋಗು ಅಂದ್ರು ಅಣ್ಣಾ... ಮೂರು ಸಲ ತಟ್ಟಿ ಹೇಳಿದ್ರು."

"ಮೂರಾ? ಅರೆ ಅಲ್ಲಾ!" ಶಫಿ ತಲೆ ಚಚ್ಚಿಕೊಂಡ. "ತಗಡಿನ ಈಚೆ ನಾನು ಗನ್ ಹಿಡೀತೀನಿ, ಆಚೆ ಅಂಜನಮೂರ್ತಿ. ಮುಖ ಕಾಣಲ್ಲ, ಆ ಸದ್ದಲ್ಲಿ ಮಾತೂ ಕೇಳಲ್ಲ. ತಗಡು ತಟ್ಟಿಯೇ ಹೇಳ್ತಾನೆ. ಒಂದು ತಟ್ಟಿದ್ರೆ ಇನ್ನೊಂದ್ಸಲ ಅಂತ. ಎರಡು ತಟ್ಟಿದ್ರೆ ಚೆನ್ನಾಗಿದೆ ಅಂತ. ಮೂರು ತಟ್ಟಿದ್ರೆ... ತಪ್ಪು, ಬೇಡ ಅಂತ ಭಾಬಿ!"

ಕೈಯಲ್ಲಿದ್ದ ಸೀರೆ ಜಾರಿತು. ಗಂಜಿಗೆ ಎರಡು. ಮುಖ ಒರೆಸಿದಾಗ ಎರಡು. ತಲೆ ಬಾಚಿದಾಗಲೂ ಎರಡು... ಅಯ್ಯೋ ದೇವರೇ!

ಓಡಿ ಬಂದು ಮಂಚದ ಪಕ್ಕ ಕುಳಿತಳು.

"ರೀ... ನಾನು ಹೋಗ್ಲಾ?"

ಟಕ್ ಟಕ್ ಟಕ್.

"ಇಲ್ಲೇ ಇರ್ಲಾ?"

ಟಕ್ ಟಕ್.

ಅಪ್ಪ ಕಣ್ಣೊರೆಸಿಕೊಂಡು, ಎತ್ತುಗಳಿಗೆ ನೀರು ಕುಡಿಸುವ ನೆಪದಲ್ಲಿ ಹೊರಗೆ ಹೋದ. ಶಫಿಯೂ ಹಿಂದೆಯೇ ನಡೆದ.

"ಮತ್ತೆ ಎದ್ದು ಓಡಾಡ್ತೀರಾ ಅಲ್ವಾ?"

ಬೆರಳು ಎದ್ದಿತು. ಅಲ್ಲೇ ನಿಂತಿತು. ಎರಡೂ ಬರಲಿಲ್ಲ, ಮೂರೂ ಬರಲಿಲ್ಲ. ಅದು ಅವನಿಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅವಳು ಮಾಡಬಹುದಾದದ್ದು ಏನೂ ಇರಲಿಲ್ಲ. ಆ ಬೆರಳನ್ನು ತನ್ನ ಅಂಗೈಗೆ ಎಳೆದುಕೊಂಡಳು, ಅಷ್ಟೇ.

"ಏನಾದ್ರೂ ಆಗ್ಲಿ... ನನಗೆ ನೀವಂದ್ರೆ ಇಷ್ಟ ಕಣ್ರೀ."

ಅಂಗೈ ಮೇಲೆ ಬೆರಳು ಮೆಲ್ಲಗೆ ತಟ್ಟಿತು. ಒಂದೇ ಒಂದು ಸಲ.

ಅಳುತ್ತಲೇ ನಕ್ಕು, ಅವಳು ಅದನ್ನೇ ಇನ್ನೊಂದು ಸಲ ಹೇಳಿದಳು.