ಪ್ರೇಮಪತ್ರಕ್ಕೆ ಬಿದ್ದ ಕೆಂಪು ಗೀಟು

"ಮಾರ್ಕ್ಸ್ ಹಾಕೋದೊಂದು ಮರ್ತ್ರಲ್ಲ ಮೇಡಂ!"

ಹೆಗ್ಗಡದೇವನಕೋಟೆಯ ತನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಮಹದೇವಪ್ರಸಾದ್ ನೋಟ್‌ಬುಕ್ಕನ್ನು ಮೇಜಿನ ಮೇಲೆ ಕುಕ್ಕಿದ. ಎದುರಿಗಿದ್ದ ಶಿವಾನಿ ಬೆಚ್ಚಿಬಿದ್ದಳು!

ತಪ್ಪು ಅವಳದೇ ಬಿಡಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಅವಳು ಭಾನುವಾರ ಊರವರಿಗೂ ಇಂಗ್ಲಿಷ್ ಕಲಿಸುತ್ತಿದ್ದಳು. ಈ ಮಹಾಶಯ ಹೋಂವರ್ಕ್ ಪುಸ್ತಕದಲ್ಲೇ, ಇಂಗ್ಲಿಷಿನಲ್ಲೇ, ಪ್ರೇಮಪತ್ರ ಬರೆದು ಕೊಟ್ಟಿದ್ದ! ಓದಿ ಅವಳು ಕುಣಿದಾಡಿದ್ದು ನಿಜ. ಆದರೆ ಪಾಠ ಮಾಡುವವರ ಕೈ ಕೇಳಬೇಕಲ್ಲ... ಅಭ್ಯಾಸಬಲದಿಂದ ಹದಿನಾಲ್ಕು ಕಡೆ ಕೆಂಪು ಗೀಟು ಎಳೆದು, ಅಂಚಿನಲ್ಲಿ 'ಸಾಲಿಸಿಸಂ' ಎಂದು ಬರೆದುಬಿಟ್ಟಿತು. ಕೆಳಗೆ ಒಪ್ಪಿಗೆ ಬರೆಯಲು ನಾಚಿಕೆಯಾಗಿ ಪುಸ್ತಕವನ್ನು ಹಾಗೇ ವಾಪಸ್ ಕೊಟ್ಟಳು, ಜಾಣೆ!

ಎರಡು ಭಾನುವಾರ ಅವನು ಕ್ಲಾಸಿನತ್ತ ಸುಳಿಯಲಿಲ್ಲ. ಇವತ್ತು ತಾನೇ ಹುಡುಕಿಕೊಂಡು ಬಂದಿದ್ದಳು.

"ಆ ಪದ ಮೊಬೈಲ್‌ನಲ್ಲಿ ನೋಡ್ದೆ ಕಣ್ರೀ. ಎಡವಟ್ಟು ಮಾತು ಅಂತೆ. ನಂಗ್ಯಾಕ್ ಬೇಕಿತ್ತು, ಬುಡಿ. ಮದ್ಯಾನ ಉಣಸೂರ್ಗೆ ಎಣ್ಣು ನೋಡಕ್ಕೆ ಓಯ್ತಾ ಇವ್ನಿ."

ಅಯ್ಯೋ ದೇವರೇ!

"ಆ ಪದ ಎಲ್ಲಿಂದ ಬಂತು ಅಂತ ನೋಡಿದ್ರಾ?"

"ಇಲ್ಲ."

"ಸೋಲಿ ಅಂತ ಒಂದು ಊರಿತ್ತಂತೆ. ಅಥೆನ್ಸ್‌ನಿಂದ ಬಲು ದೂರ. ಅಲ್ಲಿಯವರು ತಮ್ಮದೇ ಧಾಟೀಲಿ ಗ್ರೀಕ್ ಮಾತಾಡ್ತಿದ್ರು. ಪಟ್ಟಣದವರು ನಕ್ಕು, ತಪ್ಪು ಮಾತಿಗೆಲ್ಲ ಆ ಊರಿನ ಹೆಸರೇ ಅಂಟಿಸಿಬಿಟ್ರು."

"ಪಾಪ! ಸದ್ಯ, ನಮ್ಮೂರು ಬೇಗೂರಿನ ಮಾತು ಅವ್ರ ಕಿವೀಗೆ ಬೀಳ್ನಿಲ್ಲ!"

ನಗುತ್ತಿದ್ದಂತೆಯೇ ಶಿವಾನಿಯ ಕಣ್ಣು ತುಂಬಿತು. ತನ್ನೂರು ಮಿರ್ಲೆಯಿಂದ ಮೈಸೂರಿಗೆ ಓದಲು ಹೋದ ಮೊದಲ ದಿನ, ಅವಳ ಮಾತಿಗೆ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಅಂದಿನಿಂದ ಊರ ಮಾತನ್ನು ಬಾಯಿಂದ ಆಚೆ ಬಿಟ್ಟವಳಲ್ಲ. ಈಗ ಆ ಕಲಿತ ಪಟ್ಟಣದ ಮಾತಿನಲ್ಲಿ ಪ್ರೀತಿ ಹೇಳಹೊರಟರೆ ಪಾಠ ಒಪ್ಪಿಸಿದಂತಾಗುತ್ತಿತ್ತು. ಸುಮ್ಮನಿದ್ದರೆ ಇವನು ಬಸ್ಸು ಹತ್ತುತ್ತಾನೆ...

ಮಾನ ಹೋದರೆ ಹೋಗಲಿ!

"ಓಗ್ಬ್ಯಾಡಿ ಕಣ್ರೀ! ನಿಮ್ಮುನ್ನ ಕಂಡ್ರೆ ನಂಗೂ ಪಿರೂತಿ. ಕಾಗ್ದ ತಿದ್ದುದ್ದು ಕೈ ಚಾಳಿ. ಮನ್ಸು ಅವತ್ತೇ ಊಂ ಅಂದಿತ್ತು!"

ಮೇಡಂ ಬಾಯಲ್ಲಿ ಊರ ಮಾತು ಕೇಳಿ ಮಹದೇವಪ್ರಸಾದ್ ಎದ್ದು ನಿಂತ. ಆಮೇಲೆ ಗಡಬಡಿಸಿ ಸೋದರಮಾವನಿಗೆ ಫೋನು ಹಚ್ಚಿದ.

"ಲಿಂಗಣ್ಣ ಮಾವ, ಉಣಸೂರ್ಗೆ ಬರಕ್ಕಿಲ್ಲ ಅಂತ ಏಳ್ಬುಡು... ಯಾಕಾ? ಎಣ್ಣು ಅಂಗ್ಡಿಗೇ ಬಂದದೆ!"

ಶಿವಾನಿ ನಾಚಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಮಿರ್ಲೆಗೆ ಯಾವಾಗ ಬತ್ತೀರಿ, ನಮ್ಮಪ್ಪನ್ನ ಕೇಳಕ್ಕೆ?"

"ನಾಳಿಕೇ! ಆದ್ರೆ ಅವ್ರತ್ರ ಇಂಗ್ಲಿಷ್ ಮಾತಾಡಕ್ಕಿಲ್ಲ ನಾನು."

"ನಂತಾವ್ಲೂ ಬ್ಯಾಡ. ಇಂಗೇ ಮಾತಾಡ್ತಿರಿ... ಜೀವ ಇರೋಗಂಟ ಕೇಳ್ತೀನಿ."