ಅಮ್ಮನ ಆರು ಸಾವಿರ ಹೆಜ್ಜೆ

"ದಿನಕ್ಕೆ ಆರು ಸಾವಿರ ಹೆಜ್ಜೆ! ನಿಮ್ಮಮ್ಮ ನನ್ನನ್ನೇ ಸೋಲಿಸಿಬಿಟ್ರು," ಅಂತ ಮನೆಗೆ ಬರುವ ಫಿಸಿಯೋಥೆರಪಿಸ್ಟ್ ನಕ್ಕಾಗ ಅವಳ ಕನ್ನಡಕ ಮೂಗಿನ ತುದಿಗೆ ಜಾರಿತು. ಅದರ ಮೇಲಿಂದ ಅವಳು ಬೀರಿದ ನೋಟಕ್ಕೆ ಕನ್ನಡಕದಂಗಡಿಯವನ ಎದೆ ಧಸಕ್ಕೆಂದಿತು. ಅರ್ಧ ಪ್ರೀತಿಗೆ, ಅರ್ಧ ಭಯಕ್ಕೆ.

ಆ ಹೆಜ್ಜೆಗಳು ಅಮ್ಮನವಲ್ಲ, ಅವನವು.

ಅಮ್ಮನಿಗೆ ಅಲ್ಜೈಮರ್ ಶುರುವಾಗಿತ್ತು. "ದಿನಾ ನಡೆಸಿ. ವಾಸಿಯಾಗುತ್ತೆ ಅನ್ನಲ್ಲ, ಮರೆವಿನ ಓಟ ಸ್ವಲ್ಪ ನಿಧಾನ ಆಗಬಹುದು," ಅಂತ ಫಿಸಿಯೋ ಅಮ್ಮನ ಕೈಗೆ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿದ್ದಳು. ಅಮ್ಮ ಗೇಟಿನ ತನಕ ಬಂದು ಹಠ ಹಿಡಿದು ಕೂತುಬಿಡುತ್ತಿದ್ದಳು. ಅಂಗಡಿ ತೆಗೆಯಲು ಹೊತ್ತಾಗುತ್ತಿತ್ತು. ಇದೊಂದು ದಿನ ಅಂತ ಅವನು ಪಟ್ಟಿ ತಾನೇ ಕಟ್ಟಿಕೊಂಡ. ಒಂದು ದಿನ ಒಂದು ವಾರವಾಯಿತು. "ಇಂಥ ಮಗ ಎಲ್ರಿಗೂ ಸಿಗಲ್ಲ," ಅಂದಳು ಫಿಸಿಯೋ, ಲೆಕ್ಕ ನೋಡಿ. ಆ ಮಾತಿನ ರುಚಿ ಹತ್ತಿ ಮೂರು ತಿಂಗಳು ಕಳೆದಿತ್ತು.

ಅವತ್ತು, ಆ ನಗುವಿನ ಬೆನ್ನಿಗೇ, ಅಮ್ಮನ ನೆನಪಿನ ಪರೀಕ್ಷೆ ಮುಗಿಸಿ ಬಂದ ಫಿಸಿಯೋ ಮುಖ ಬಾಡಿತ್ತು.

"ಹೋದ ಸಲ ಐದು ಪದದಲ್ಲಿ ನಾಲ್ಕು ಹೇಳಿದ್ರು. ಇವತ್ತು ಒಂದೇ. ನಿಮ್ಮ ಹೆಸರು ಕೇಳಿದ್ರೆ ಅವರ ತಮ್ಮನ ಹೆಸರು ಹೇಳಿದ್ರು. ಇಷ್ಟು ನಡೆದೂ ಹೀಗಾದ್ರೆ ತಪ್ಪು ನಂದೇ. ಮುಂದಿನ ವಾರದಿಂದ ನಮ್ಮ ಸೀನಿಯರ್ ನೋಡ್ಲಿ."

ಸುಮ್ಮನಿದ್ದಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಅವಳ ಕಣ್ಣು ತುಂಬಿತ್ತು.

"ಪಟ್ಟಿ ನಾನು ಕಟ್ಕೊಂಡಿದ್ದೆ. ಅಮ್ಮ ನಡೆದೇ ಇಲ್ಲ. ನೀವು ಹೊಗಳ್ತೀರಲ್ಲ... ನಿಮ್ಮ ಮೇಲಿನ ಆಸೆಗೆ..."

"ನನಗೋಸ್ಕರ ಅಂತ ಮಾತ್ರ ಹೇಳ್ಬೇಡಿ," ಅಂದಳು ಅವಳು. "ಆ ಪಾಪದಲ್ಲಿ ನನಗೆ ಪಾಲು ಬೇಡ."

"ನಡೆದಿದ್ರೆ ಅಮ್ಮನಿಗೆ ನನ್ನ ಹೆಸರು ನೆನಪಿರ್ತಿತ್ತಾ?"

"ಗೊತ್ತಿಲ್ಲ. ಅದು ಯಾವತ್ತಿಗೂ ಗೊತ್ತಾಗಲ್ಲ."

ಅದೇ ಅವನನ್ನು ಒಳಗೊಳಗೇ ಕೊರೆಯಿತು.

ಮರುದಿನ ಅವನು ಅಂಗಡಿ ತೆಗೆಯಲಿಲ್ಲ. ಅಮ್ಮ ಗೇಟಿನ ಬಳಿ ಕೂತಾಗ ಅವನೂ ಪಕ್ಕದಲ್ಲೇ ಕೂತ. ಅಷ್ಟರಲ್ಲಿ ಬೀದಿಯ ಕಡೆಯಿಂದ ಫಿಸಿಯೋ ಬಂದಳು.

"ನಾನು ಬಂದಿದ್ದು ಅಮ್ಮನಿಗೋಸ್ಕರ," ಅಂದಳು, ಅವನತ್ತ ನೋಡದೆ.

"ನೀನ್ಯಾರಮ್ಮ?" ಅಂದಳು ಅಮ್ಮ.

"ನಿಮ್ಮ ಜೊತೆ ನಡೆಯೋಳು."

ಅಮ್ಮ ಒಂದು ಕ್ಷಣ ಅವಳನ್ನೇ ದಿಟ್ಟಿಸಿ, ಅವಳ ಕೈ ಹಿಡಿದು ಎದ್ದಳು. ಇನ್ನೊಂದು ಕೈ ಮಗನತ್ತ ಚಾಚಿ, "ಬಾರೋ, ಅಲ್ಲೇನು ಕೂತಿದ್ದೀಯ?" ಅಂದಳು.

ಬೀದಿಯ ತಿರುವಿನ ತನಕ ಮೂವರೂ ನಡೆದರು.

"ನಾಳೆನೂ ಬರ್ತೀನಿ. ಆದ್ರೆ ಕೋಪ ಹೋಗಿಲ್ಲ," ಅಂದಳು ಅವಳು, ಮೆಲ್ಲಗೆ.

"ಕೋಪ ಇರ್ಲಿ. ನೀವು ಬಂದ್ರೆ ಸಾಕು."

ಆಗ ಅವಳು ತಿರುಗಿ ಅವನನ್ನು ನೋಡಿದಳು.